ತೋಳಿನ ಮೇಲಿನ ಹೆಂಡತಿ

"ಮುಟ್ಟಬೇಡ, ಮುಟ್ಟಬೇಡ! ಸಿಪ್ಪೆ ಏಳ್ತಾ ಇದೆ!" ಎಂದು ಗಂಡ ತೋಳನ್ನು ಹಿಂದಕ್ಕೆಳೆದುಕೊಂಡ. ಅವಳು ಕೈ ಚಾಚಿದ್ದು ತೋಳಿಗಲ್ಲ, ಅದರಾಚೆ ಮೊಳೆಗೆ ತೂಗುತ್ತಿದ್ದ ಸ್ಕೂಟರಿನ ಕೀಲಿಗೆ. ಹೊಟ್ಟೆಯ ಹೊಲಿಗೆ ಬಿಚ್ಚಿಸಲು ಅವಳು ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿರಬೇಕಿತ್ತು. ತಾನೇ ಕರೆದೊಯ್ಯುತ್ತೇನೆಂದು ವಾರದಿಂದ ಹೇಳುತ್ತಲೇ ಬಂದಿದ್ದ.

ಆ ತೋಳಿನ ಮೇಲಿದ್ದದ್ದು ಅವಳದೇ ಮುಖ. ಅಪೆಂಡಿಕ್ಸ್ ಆಪರೇಷನ್ನಾಗಿ ಅವಳು ಮಲಗಿದ್ದ ಮೂರು ದಿನವೂ ಈ ಮಹಾರಾಯ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ರಕ್ತ ಕಂಡರೆ ತಲೆ ಸುತ್ತುತ್ತದಂತೆ. ನಾಲ್ಕನೆಯ ದಿನ ಅವಳು ತಂಗಿಯ ಹೆಗಲು ಹಿಡಿದು ಮನೆಗೆ ಬಂದರೆ, ಹಚ್ಚೆ ಹಾಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದ. ಎರಡು ಗಂಟೆ ಸೂಜಿ ಚುಚ್ಚಿಸಿಕೊಂಡನಂತೆ; ಅಲ್ಲಿ ಮಾತ್ರ ತಲೆ ಸುತ್ತಲಿಲ್ಲ. ಮಾದರಿಗೆ ಕೊಟ್ಟದ್ದು ಅವಳ ಕೆಲಸದ ಗುರುತಿನ ಚೀಟಿಯ ಫೋಟೋ. ಬಿಸಿಲಲ್ಲಿ ನಿಂತು ಪಾರ್ಕಿಂಗ್ ರಸೀದಿ ಹರಿಯುವವಳು ನಗುನಗುತ್ತ ಫೋಟೋ ತೆಗೆಸಿಕೊಂಡಾಳೆಯೇ? ಅದೇ ಸಿಡುಕು ಮುಖ ಈಗ ಅವನ ತೋಳಿನಿಂದ ಕಂಡಕಂಡವರನ್ನು ದುರುಗುಟ್ಟಿ ನೋಡುತ್ತಿತ್ತು. ಅದನ್ನು ಕಂಡು ಅಂದು ತನ್ನ ಕಣ್ಣು ತುಂಬಿತ್ತಲ್ಲ ಎಂದು ನೆನೆದರೆ ಅವಳಿಗೆ ಇವತ್ತಿಗೂ ನಾಚಿಕೆ.

ಅಂದಿನಿಂದ ಮನೆಯಲ್ಲಿ ರೋಗಿ ಅವನೊಬ್ಬನೇ. ದಿನಕ್ಕೆ ಮೂರು ಸಲ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು, ಉಜ್ಜದೆ ಒತ್ತಿ ಒರೆಸಬೇಕು, ತೆಳ್ಳಗೆ ಮುಲಾಮು ಸವರಬೇಕು. ನೀರು ಕಾಯಿಸಿ ಹೊತ್ತು ತರುತ್ತಿದ್ದವಳು ಅವಳೇ. ಹಚ್ಚೆಯವನು ಕೊಟ್ಟ ಸೂಚನೆಯ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದ, ಡಾಕ್ಟರು ಅವಳಿಗೆ ಕೊಟ್ಟಿದ್ದ ಹಾಳೆಯ ಮೇಲೆಯೇ. ಭಾರ ಎತ್ತಬಾರದೆಂದು ಅಡಿಯ ಹಾಳೆಯಲ್ಲಿ ಬರೆದಿತ್ತು.

"ಹೊತ್ತಾಯ್ತು, ಏಳಿ," ಎಂದಳು.

"ಈ ಬಿಸಿಲಲ್ಲಾ? ಹಾಳೆ ಓದಿಲ್ವಾ ನೀನು? ಬಿಸಿಲು ತಾಗಿದ್ರೆ ಬಣ್ಣ ಮಾಸುತ್ತೆ. ಹತ್ತು ವರ್ಷ ಹೋದ್ರೆ ಮುಖಕ್ಕೆ ಮಸಿ ಮೆತ್ತಿದ ಹಾಗೆ ಕಾಣ್ತೀಯ."

"ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ."

"ಉಜ್ಜುತ್ತೆ ಕಣೇ! ಮೊನ್ನೆ ನಿದ್ದೇಲಿ ಕೆರ್ಕೊಂಡು ಎಡಗಡೆ ಹುಬ್ಬೇ ಹೋಯ್ತು. ಇನ್ನು ಮೂಗೂ ಹೋದ್ರೆ ಏನು ಗತಿ? ಇದೆಲ್ಲಾ ಯಾರಿಗೋಸ್ಕರ ಹೇಳು? ನಿನ್ನನ್ನೇ ತಾನೇ ನಾನು ಜೋಪಾನ ಮಾಡ್ತಾ ಇರೋದು?"

ಎಂದವನೇ ತುಟಿ ಚೂಪು ಮಾಡಿ ತೋಳಿನ ಮೇಲೆ ಉಫ್ ಉಫ್ ಎಂದು ಊದಿಕೊಂಡ. ಎದ್ದಾನೇನೋ ಎಂದು ಅವಳು ಇನ್ನೊಂದು ನಿಮಿಷ ಕಾದಳು. ಅವನು ಮುಲಾಮಿನ ಮುಚ್ಚಳ ತಿರುಗಿಸತೊಡಗಿದ. ಕೀಲಿಯನ್ನು ಮೊಳೆಯಲ್ಲೇ ಬಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು ಅವಳು ಬಸ್ಸಿಗೆ ನಡೆದಳು. ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ನಿಂತೇ ಹೋದಳು.

ಆಸ್ಪತ್ರೆಯಲ್ಲಿ ನರ್ಸ್ ಪಟ್ಟಿ ಬಿಚ್ಚಿ ಹುಬ್ಬು ಗಂಟಿಕ್ಕಿದಳು. "ಒಂದು ಕಡೆ ಹೊಲಿಗೆ ಬಿಟ್ಕೊಂಡು ಕೀವಾಗಿದೆಯಲ್ಲಮ್ಮ. ಭಾರ ಎತ್ತಿದ್ರಾ?"

"ನೀರಿನ ಪಾತ್ರೆ."

"ನೋಡ್ಕೊಳ್ಳೋರು ಯಾರೂ ಇಲ್ವಾ? ಗಂಡ?"

"ಇದಾರೆ ಸಿಸ್ಟರ್," ಎಂದಳು ಅವಳು. "ಬಿಸಿಲಿಗೆ ತರೋ ಹಾಗಿಲ್ಲ. ಬಣ್ಣ ಹೋಗುತ್ತೆ."