ಒಂಟಿಕೊಂಬಿನ ಎಮ್ಮೆಯನ್ನು ಹೆತ್ತವಳು

“ಏನಮ್ಮ, ಪಾಲು ಕೇಳಕ್ಕೆ ಬಂದಿದ್ದೀಯಾ?”

ಕೊರಟಗೆರೆ ಪೇಟೆಯ ರುದ್ರಯ್ಯ ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗುರುತಿಲ್ಲದ ಹುಡುಗಿಯೊಬ್ಬಳು ಮಧುಗಿರಿಯಿಂದ ಇದ್ದಿಲಿನಿಂದ ಓಡುವ ಮೋಟಾರು ಬಸ್ಸಿನಲ್ಲಿ ಬಂದಿಳಿದು, ಮುಖದ ಮಸಿಯನ್ನೂ ಒರೆಸಿಕೊಳ್ಳದೆ, “ನಿಮ್ಮ ಹಿರೀಕರ ಉಯಿಲು ನೋಡಬೇಕಿತ್ತು” ಅಂದರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ?

“ಪಾಲು ಬ್ಯಾಡ ಯಜಮಾನ್ರೆ, ಒಂದು ಹೆಸರು ಬೇಕು” ಎಂದಳು ಸಿದ್ದಗಂಗಮ್ಮ.

“ಬಲೇ ಚೆಂದ! ಹೆಸರಿಗೋಸ್ಕರ ಯಾರಾನ ಮೋಟಾರ್ ಹತ್ತುತ್ತಾರಾ?” ರುದ್ರಯ್ಯನ ಹೆಂಡತಿ ಚನ್ನಮಲ್ಲಮ್ಮ ಚೊಂಬು ಹಿಡಿದು ಹೊರಗೆ ಬಂದಳು. “ಮೊದ್ಲು ಮಜ್ಜಿಗೆ ಕುಡೀಲಿ ಬುಡಿ. ಆಮ್ಯಾಕೆ ಜಗಳ ಆಡೀರಂತೆ.”

ಮಜ್ಜಿಗೆ ಕುಡಿದು ಹುಡುಗಿ ಎಲ್ಲವನ್ನೂ ಹೇಳಿದಳು. ಮೇಷ್ಟರಾದ ಅವಳ ಅಪ್ಪ ಮಠದಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ಪುಸ್ತಕ ಮಾಡಿಸುತ್ತಿದ್ದರು. ಮೊದಲ ಗರಿಯನ್ನು ಗೆದ್ದಲು ತಿಂದು ಬರೆದವರ ಹೆಸರೇ ಹೋಗಿತ್ತು. ಸೋಮವಾರದೊಳಗೆ ಅದು ಸಿಗದಿದ್ದರೆ ಮುಖಪುಟದ ಮೇಲೆ ‘ಅಜ್ಞಾತ ಕವಿ’ ಎಂದೇ ಬೀಳುತ್ತಿತ್ತು. ಗರಿಗಳನ್ನು ಓದತೊಡಗಿದೊಡನೆ ಅವಳಿಗೆ ಗುರುತು ಸಿಕ್ಕಿತ್ತು. ಅದು ಅವಳಜ್ಜಿ ಹೇಳುತ್ತಿದ್ದ ಒಂಟಿಕೊಂಬಿನ ಎಮ್ಮೆಯ ಕತೆ! ಆ ಎಮ್ಮೆಯ ಬೆನ್ನ ಮೇಲೆ ಕೂತು ಮೋಡ ಮುಟ್ಟುತ್ತಲೇ ಅವಳು ಬೆಳೆದದ್ದು. ಕತೆ ಮುಗಿದೊಡನೆ ಅಜ್ಜಿ ಅಂಗೈ ಚಾಚುತ್ತಿದ್ದಳು. ಯಾಕಜ್ಜಿ ಎಂದರೆ, “ನಂಗೇನ್ ಗೊತ್ತೇ? ನಮ್ಮವ್ವನೂ ಹಿಂಗೇ ಚಾಚ್ತಿದ್ಳು” ಎಂದು ನಗುತ್ತಿದ್ದಳು. ಅಜ್ಜಿ ಈಗಿಲ್ಲ. ಅಷ್ಟು ದೂರ ತನ್ನನ್ನು ಹೊತ್ತು ತಂದ ಎಮ್ಮೆಗೆ ಹೆತ್ತವರೇ ಇಲ್ಲವೆಂದು ಬರೆಯಲು ಹುಡುಗಿಗೆ ಮನಸ್ಸಾಗಲಿಲ್ಲ.

ಮಠದ ಹಳೇ ಉಯಿಲೊಂದರಲ್ಲಿ ಸುಳಿವು ಸಿಕ್ಕಿತ್ತು. ಕೊರಟಗೆರೆಯ ವೀರಸಂಗಪ್ಪ ಎಂಬುವರು “ನಮ್ಮ ಅತ್ತಿಗೆ ಬರೆದ ಓಲೆಕಟ್ಟು ಮಠಕ್ಕೆ” ಎಂದಿದ್ದರು. ಅತ್ತಿಗೆಯ ಹೆಸರು ಬರೆಸಿರಲಿಲ್ಲ. ಅವರ ವಂಶದವರು ಯಾರೆಂದು ಪೇಟೆಯಲ್ಲಿ ವಿಚಾರಿಸಿದಾಗ ಜನ ಈ ಮನೆ ತೋರಿಸಿದ್ದರು.

“ವೀರಸಂಗಪ್ಪ ನಮ್ಮ ಮುತ್ತಜ್ಜ ಕಣಮ್ಮ!” ರುದ್ರಯ್ಯನ ಮುಖ ಸಡಿಲವಾಯಿತು. ಅಟ್ಟದ ಪೆಟ್ಟಿಗೆ ಕೆಳಗಿಳಿಯಿತು. “ಇದು ಹೊಲದ್ದು. ಇದು ಬಾವೀದು. ಇದ್ಯಾವುದು, ಯಾರೋ ಹೆಂಗಸು ಬರ್ಸಿರೋದು...” ಕಾಗದವನ್ನು ಬೆಳಕಿಗೆ ಹಿಡಿದು ಅವನು ತಡೆತಡೆದು ಓದಿದ:

“ಗುರುಸಿದ್ದಮ್ಮ ಬರೆಸಿದ ಉಯಿಲು. ಹೊಲ, ಮನೆ ನನ್ನ ಮೈದುನ ವೀರಸಂಗಪ್ಪನಿಗೆ. ನನಗೆ ಮಕ್ಕಳಿಲ್ಲ. ನಾನು ಬರೆದ ಒಂಟಿಕೊಂಬಿನ ಎಮ್ಮೆಯ ಕಥೆಯನ್ನು ಯಾರೇ ಬಂದು ಬಾಯಲ್ಲಿ ಹೇಳಲಿ, ಅವರಿಗೆ ಈ ಮನೆಯಿಂದ ಒಂದು ಅಚ್ಚು ಬೆಲ್ಲ ಕೊಡತಕ್ಕದ್ದು. ಜಾತಿ ಕೇಳತಕ್ಕದ್ದಲ್ಲ.”

ಗುರುಸಿದ್ದಮ್ಮ. ಸಿದ್ದಗಂಗಮ್ಮ ಆ ಹೆಸರನ್ನು ಮೆಲ್ಲಗೆ ಹೇಳಿಕೊಂಡು ಕಾಗದಕ್ಕೆ ಕೈಮುಗಿದಳು.

“ಅಯ್ಯೋ, ಅದ್ಕೇನಾ!” ಚನ್ನಮಲ್ಲಮ್ಮ ಕೆನ್ನೆಗೆ ಕೈ ಹಚ್ಚಿದಳು. “ನಾನು ಮದ್ವೆಯಾಗಿ ಬಂದಾಗ್ಲಿಂದ ಅತ್ತೆಮ್ಮ ಒಂದೇ ಮಾತು. ಈ ಮನೇಲಿ ಬೆಲ್ಲದ ಗಡಿಗೆ ಬರಿದಾಗ್ಬಾರ್ದು ಅಂತ. ಯಾಕೆ ಅಂದ್ರೆ ಅವ್ರಿಗೂ ಗೊತ್ತಿರ್ಲಿಲ್ಲ. ಇರುವೆಗೆ ಹಾಕ್ಕಂಡು ಹಾಕ್ಕಂಡು ತುಂಬ್ತಾನೇ ಇದ್ದೀನಿ!”

“ಸಿಕ್ತಲ್ಲಮ್ಮ ನಿನ್ನ ಹೆಸ್ರು. ಮೋಟಾರಿಗೆ ಹೊತ್ತಾತದೆ” ಎಂದ ರುದ್ರಯ್ಯ.

“ನೀವ್ ಸುಮ್ಕಿರಿ ಅಂದ್ರೆ. ಕೂತ್ಕಳ್ಳೇ ತಾಯಿ, ಕತೆ ಹೇಳು.”

ಸಿದ್ದಗಂಗಮ್ಮ ಜಗಲಿಯ ಮೇಲೆ ಕೂತು, ಅಜ್ಜಿ ನಗುತ್ತಿದ್ದಲ್ಲಿ ನಗುತ್ತ, ಅಜ್ಜಿ ದನಿ ತಗ್ಗಿಸುತ್ತಿದ್ದಲ್ಲಿ ತಗ್ಗಿಸುತ್ತ ಕತೆ ಹೇಳಿದಳು. ಮೋಟಾರಿನ ಹಾರನ್ ಕೂಗಿ ದೂರವಾಯಿತು. ಯಾರೂ ಏಳಲಿಲ್ಲ. ಕತೆ ಮುಗಿದಾಗ ಅವಳ ಅಂಗೈ ತಾನಾಗಿ ಚಾಚಿಕೊಂಡಿತ್ತು.

ಚನ್ನಮಲ್ಲಮ್ಮ ಅದರ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟಳು. ಮತ್ತೆ ಗಡಿಗೆಗೆ ಕೈ ಹಾಕಿದಳು.

“ಇದು ನಿಮ್ಮಜ್ಜೀದು. ಇದು ನಿಮ್ಮಜ್ಜಿ ಅವ್ವಂದು.”

ಅಂಗೈ ಸಾಲದೆ ಸಿದ್ದಗಂಗಮ್ಮ ಸೆರಗೊಡ್ಡಿದಳು.