ದೊಡ್ಡಪ್ಪ ತುಂಬಿಸಿದ ಬಾಟಲಿ

ಕಾಗದ ಕಾರ್ಖಾನೆಯಲ್ಲಿ ಹೊಂಡದಜ್ಜ ಎಂದೇ ಹೆಸರಾದ ಮುದುಕ ಕೊಳಕು ನೀರಿನ ತೊಟ್ಟಿಯ ಮುಂದೆ ನಿಂತು ಆಚೆ ಈಚೆ ನೋಡಿದ. ಯಾರೂ ಇರಲಿಲ್ಲ. ಸೀದಾ ಕ್ಯಾಂಟೀನಿಗೆ ಹೋಗಿ ಸ್ಯಾಂಪಲ್ ಬಾಟಲಿಯನ್ನು ಕುಡಿಯುವ ನೀರಿನ ನಲ್ಲಿಗೆ ಹಿಡಿದ. ಮೂವತ್ತು ವರ್ಷದಿಂದ ನೀರು ಪರೀಕ್ಷಿಸುವ ಸರ್ಕಾರಿ ಅಧಿಕಾರಿಗಳು ಬಂದಾಗಲೆಲ್ಲ ಮಾಡುತ್ತಿದ್ದುದು ಇದನ್ನೇ. ಕಾರ್ಖಾನೆಯ ಮಾನ ಉಳಿಸುವವನು ತಾನೇ ಎಂದು ಒಳಗೊಳಗೇ ಬೀಗುತ್ತಲೂ ಇದ್ದ.

ಈ ಸಲ ಉಳಿಸಬೇಕಾದದ್ದು ತಮ್ಮನ ಮಗಳ ಮಾನ. ಆ ತೊಟ್ಟಿಯ ನೀರು ತೊಳೆಯುವ ನ್ಯಾನೋ ಪುಡಿ ತಂದ ಇಂಜಿನಿಯರ್ ಅವಳು. ಇವತ್ತು ಪಾಸಾಗದಿದ್ದರೆ ಪುಡಿಯೂ ವಾಪಸ್, ಅವಳೂ ವಾಪಸ್.

"ಕೂದಲಿನ ಅಗಲಕ್ಕೆ ಸಾವಿರ ಕಣ ಸಾಲಾಗಿ ಕೂರ್ತವೆ ದೊಡ್ಡಪ್ಪಾ, ಅಷ್ಟು ಸಣ್ಣವು," ಎಂದಿದ್ದಳು.

"ಕಣ್ಣಿಗೇ ಕಾಣದ್ದು ಇಷ್ಟು ಕೊಳೆ ತಿನ್ನುತ್ತಾ? ಯಾರೋ ನಿಂಗೆ ಟೋಪಿ ಹಾಕಿದಾರೆ ಮಗಾ."

ಹಿಂದಿನ ಅಧಿಕಾರಿಗಳು ಬಾಟಲಿ ನೋಡಿ, ಮೂಸಿ, ಸಹಿ ಹಾಕಿ ಹೋಗುತ್ತಿದ್ದರು. ಈ ಸಲ ಬಂದ ಅಧಿಕಾರಿ ಯಂತ್ರವೊಂದನ್ನು ತಂದಿದ್ದರು. ಅದಕ್ಕೆ ನೀರು ಹಾಕಿ ಕಾದರು.

"ನೋಡೋಕೇನೋ ಚೆನ್ನಾಗಿದೆ ಕಣಮ್ಮಾ. ಕಾಗದ ಬಿಳಿ ಮಾಡೋ ಬ್ಲೀಚಿಂಗ್ ವಿಷ ಮಾತ್ರ ಹಾಗೇ ಇದೆ. ಫೇಲು."

ಹುಡುಗಿಯ ಮುಖ ಬಿಳುಚಿಕೊಂಡಿತು. ಅಜ್ಜ ಬಾಟಲಿಯತ್ತ ನೋಡಿದ. ಬಾಯಿ ಬಿಟ್ಟರೆ ತನ್ನ ಮಾನ ಹರಾಜು. ಬಿಡದಿದ್ದರೆ ಅವಳ ಕೆಲಸ ಹೋದಂತೆ.

"ಅದು ತೊಟ್ಟೀದಲ್ಲ ಸಾರ್," ಎಂದ ಕೊನೆಗೆ. "ಕ್ಯಾಂಟೀನ್ ನಲ್ಲೀದು. ನಾವೆಲ್ಲ ಕುಡಿಯೋದು."

ಅಧಿಕಾರಿ ಕನ್ನಡಕ ತೆಗೆದು ಅವನನ್ನೇ ನೋಡಿದರು. ಹುಡುಗಿ ಹೋಗಿ, ತೊಟ್ಟಿಯಿಂದಲೇ ಇನ್ನೊಂದು ಬಾಟಲಿ ತುಂಬಿ ತಂದಳು. ಅದು ಪಾಸಾಯಿತು. ಆದರೂ ಅವಳ ಮುಖ ಅರಳಲಿಲ್ಲ.

"ದೊಡ್ಡಪ್ಪಾ, ಆ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ?"

"ಬೋರ್‌ವೆಲ್ಲಿಂದ. ಕೊಳಕು ನೀರು ಬಿಡ್ತಿದ್ದ ಹಳೇ ಹೊಂಡದ ಪಕ್ಕದಲ್ಲೇ." ಅಜ್ಜ ತಲೆ ಕೆರೆದುಕೊಂಡ. "ಅಲ್ಲಿ ಕೊರೆದ್ರೆ ಬೇಗ ನೀರು ಸಿಗುತ್ತೆ ಅಂತ ಜಾಗ ತೋರಿಸಿದ ಮೇಧಾವಿ ನಾನೇ."

ಯಾರೂ ನಗಲಿಲ್ಲ. ಅವನೇ ಮೆಲ್ಲಗೆ ನಕ್ಕ.

"ಇಷ್ಟು ವರ್ಷ ನಿಮ್ಮೋರಿಗೆಲ್ಲ ಮೋಸ ಮಾಡ್ತಿದೀನಿ ಅಂದ್ಕೊಂಡಿದ್ದೆ ಸಾರ್. ನೋಡಿದ್ರೆ ಪ್ರತಿ ಸಲಾನೂ ಹೊಂಡದ ನೀರನ್ನೇ ಕೊಟ್ಟಿದೀನಿ."

ಅಂದು ಸಂಜೆ ಅವನು ತೊಟ್ಟಿಯ ಬೇಲಿಯಲ್ಲಿದ್ದ 'ಈ ನೀರು ಕುಡಿಯಬಾರದು' ಎಂಬ ಬೋರ್ಡನ್ನು ಬಿಚ್ಚಿ ತಂದು, ಕ್ಯಾಂಟೀನಿನ ನಲ್ಲಿಯ ಕತ್ತಿಗೆ ಕಟ್ಟಿದ.