ನಲವತ್ತೊಂದನೇ ಕಡ್ಡಿ

ಮೈಸೂರಿನಲ್ಲಿ ಒಂದು ಸಣ್ಣ ಊದುಬತ್ತಿ ಕಾರ್ಖಾನೆ. ಮಾಲೀಕರು ವೃಷಭೇಂದ್ರ.

ಊರಿನ ವ್ಯಾಪಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು... ಜಪಾನಿನ ಆರ್ಡರ್ ಸಿಕ್ಕರೆ ಪ್ಯಾಕಿಂಗ್ ಹಾಲ್ ಉಳಿಯುತ್ತದೆ. ಇಲ್ಲದಿದ್ದರೆ ಅಲ್ಲಿ ಕೂತ ಇಪ್ಪತ್ತೆರಡು ಹೆಂಗಸರಿಗೆ "ಇನ್ನು ಬರಬೇಡಿ" ಅನ್ನಬೇಕು.

ಮೊದಲ ಸ್ಯಾಂಪಲ್ ಹೋಯಿತು... "ಹೊಗೆ ಜಾಸ್ತಿ, ನಮ್ಮ ಮನೆಗಳು ಚಿಕ್ಕವು" ಎಂದು ಉತ್ತರ ಬಂತು.

ಎರಡನೆಯದು ಹೋಯಿತು... "ಕಡ್ಡಿಗಳ ಉದ್ದ ಒಂದೇ ಸಮ ಇಲ್ಲ."

ಮೂರನೇ ಸಲ ಮುನ್ನೂರು ಡಬ್ಬಿ ಕಳಿಸಿದರು. ಅಷ್ಟು ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ದೇವರ ಮುಂದೆ ನಿಂತರೂ ಏನು ಕೇಳಬೇಕೆಂದು ಅವರಿಗೆ ತೋಚುತ್ತಿರಲಿಲ್ಲ... ಸುಮ್ಮನೆ ನಿಂತು ಬರುತ್ತಿದ್ದರು.

ಹದಿನೈದು ದಿನಕ್ಕೆ ಮೇಲ್ ಬಂತು.

"ಡಬ್ಬಿಯ ಮೇಲೆ ನಲವತ್ತು ಕಡ್ಡಿ ಎಂದಿದೆ. ಒಳಗೆ ನಲವತ್ತೊಂದು ಇದೆ. ಕಾರಣ ತಿಳಿಸಿ. ಅಲ್ಲಿಯವರೆಗೆ ಆರ್ಡರ್ ಮುಂದುವರಿಸಲು ಆಗುವುದಿಲ್ಲ."

ವೃಷಭೇಂದ್ರ ಪ್ಯಾಕಿಂಗ್ ಹಾಲ್‌ಗೆ ಬಂದರು. ಜಪಾನಿನ ಡಬ್ಬಿಗಳನ್ನೆಲ್ಲ ತುಂಬಿದ್ದು ಕೆಂಪಾಜಮ್ಮ. ಅರವತ್ತು ದಾಟಿದ ಹೆಂಗಸು... ಓದು ಬರಹ ಇಲ್ಲ, ಬಾಯಲ್ಲಿ ಸದಾ ಒಂದು ದೇವರ ಪದ. ಆದರೆ ಅವರಷ್ಟು ಚುರುಕು ಕೈ ಆ ಹಾಲ್‌ನಲ್ಲಿ ಇನ್ನೊಂದಿರಲಿಲ್ಲ.

"ಒಂದು ಕಡ್ಡಿ ಯಾಕೆ ಜಾಸ್ತಿ ಹಾಕಿದ್ದೀರಿ?"

"ಕೊಸರು ಕಣ ಬುದ್ಧಿ. ಅಳತೆ ಮೇಲೆ ಒಂಚೂರು ಕೊಡ್ದೆ ಹೆಂಗ ಕಳ್ಸದು? ಅಷ್ಟು ದೂರದೋರು... ದಾರೀಲಿ ಒಂದು ಮುರುದೋದ್ರೆ ಅವ್ರ ದೇವ್ರಿಗೆ ಕಮ್ಮಿ ಆಯ್ತದಲ್ಲ."

"ಅವರು ಎಣಿಸ್ತಾರಮ್ಮ. ಒಂದೊಂದೇ ಎಣಿಸ್ತಾರೆ."

"ಎಣಿಸ್ಲಿ ಬುದ್ಧಿ. ಕಮ್ಮಿ ಇದ್ರೆ ತಾನೆ ನಾವ್ ತಲೆ ತಗ್ಸದು?"

ಸುತ್ತ ಕೂತವರು ನಕ್ಕರು. ವೃಷಭೇಂದ್ರ ನಗಲಿಲ್ಲ. ಕೂಗಾಡುವ ಶಕ್ತಿಯೂ ಉಳಿದಿರಲಿಲ್ಲ.

"ನಾಳೆಯಿಂದ ಮನೆಯಲ್ಲೇ ಇರಿ" ಎಂದಷ್ಟೇ ಹೇಳಿದರು.

ಕೆಂಪಾಜಮ್ಮ ಕೈಲಿದ್ದ ಡಬ್ಬಿ ತುಂಬಿ, ಮುಚ್ಚಳ ಹಾಕಿ ಎದ್ದು ಹೋದರು...

ಮೂರು ದಿನದ ಮೇಲೆ ವಿಡಿಯೋ ಕಾಲ್. ಆ ಕಡೆ ಜಪಾನಿನ ಅಂಗಡಿಗಳ ಒಡೆಯರು, ವಯಸ್ಸಾದ ಒಕಮುರಾ. ನಡುವೆ ಭಾಷೆ ತಿಳಿಸಲು ವೈಜಯಂತಿ ಎಂಬ ಬೆಂಗಳೂರಿನ ಹೆಣ್ಣುಮಗಳು.

ಕೊಸರು ಗಿಸರು ಅಂದರೆ ನಗುತ್ತಾರೆ ಎಂದುಕೊಂಡು ವೃಷಭೇಂದ್ರ ಒಂದು ಉತ್ತರ ಸಿದ್ಧ ಮಾಡಿಕೊಂಡಿದ್ದರು.

"ಮೆಷಿನ್ ತಪ್ಪು. ಸರಿಪಡಿಸಿದ್ದೇವೆ."

ವೈಜಯಂತಿ ಅದನ್ನು ಜಪಾನಿಯಲ್ಲಿ ಹೇಳಿದರು. ಒಕಮುರಾ ಬರೆದುಕೊಂಡು ಏನೋ ಕೇಳಿದರು.

"ಯಾವ ಮೆಷಿನ್, ಏನು ತಪ್ಪಾಗಿತ್ತು ಅಂತ ಕೇಳ್ತಿದ್ದಾರೆ ಸರ್" ಎಂದರು ವೈಜಯಂತಿ.

ಡಬ್ಬಿ ತುಂಬುವ ಮೆಷಿನ್ನೇ ಅವರಲ್ಲಿ ಇರಲಿಲ್ಲ...

ಇನ್ನೊಂದು ಸುಳ್ಳು ಕಟ್ಟಬೇಕಿತ್ತು. ಅದಕ್ಕೂ ದಣಿವು.

"ಮೆಷಿನ್ ಇಲ್ಲ ಅಂತ ಹೇಳಿಬಿಡಿ ಮೇಡಂ" ಎಂದರು. "ಒಬ್ಬ ಅಜ್ಜಿ ತುಂಬೋದು. ಅಂಕಿ ಬರೋದಿಲ್ಲ. ಪದ ಹಾಡಿಕೊಂಡು ಮಾತಿಗೊಂದರಂತೆ ಕಡ್ಡಿ ಇಡ್ತಾರೆ. ನಲವತ್ತು ಮಾತು ಮುಗಿದ ಮೇಲೆ ಕೊನೆಗೆ ನಮ್ಮ ದೇವರು ಮಾದಪ್ಪನ ಹೆಸರು ಬರುತ್ತೆ... ಆಗ ಒಂದು. ಅದು ಕೊಸರು. ನಮ್ಮಲ್ಲಿ ಅಳತೆ ಆದಮೇಲೆ ಸ್ವಲ್ಪ ಜಾಸ್ತಿ ಕೊಡೋದು ಪದ್ಧತಿ."

ವೈಜಯಂತಿ ಹೇಳಿ ಮುಗಿಸಿದರು. ಆ ಕಡೆಯವರು ಪೆನ್ನು ಕೆಳಗಿಟ್ಟರು...

ಆಮೇಲೆ ಒಕಮುರಾ ಮಾತಾಡಿದರು. ವೈಜಯಂತಿ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದರು.

"ಮುನ್ನೂರು ಡಬ್ಬಿಯನ್ನೂ ಬಿಚ್ಚಿ ಎಣಿಸಿದೆವು. ಎಲ್ಲದರಲ್ಲೂ ನಲವತ್ತೊಂದು. ಒಂದರಲ್ಲೂ ನಲವತ್ತಿಲ್ಲ, ನಲವತ್ತೆರಡಿಲ್ಲ. ಕೈ ತಪ್ಪಿದ್ದರೆ ಮುನ್ನೂರು ಸಲವೂ ಒಂದೇ ರೀತಿ ತಪ್ಪುವುದಿಲ್ಲ... ಅದಕ್ಕೇ ಕಾರಣ ಕೇಳಿದೆವು. ನೀವು ಮೆಷಿನ್ ಎಂದೇ ಪಟ್ಟು ಹಿಡಿದಿದ್ದರೆ ಇವತ್ತಿಗೆ ಮುಗಿಸಿಬಿಡುತ್ತಿದ್ದೆವು. ಡಬ್ಬಿಯ ಮೇಲೆ ನಲವತ್ತೊಂದು ಎಂದು ಅಚ್ಚು ಹಾಕಿಸಿ. ನಮ್ಮ ಡಬ್ಬಿಗಳನ್ನು ಆ ಅಜ್ಜಿಯೇ ತುಂಬಲಿ. ಉಳಿದವರು ಅವರ ಹತ್ತಿರ ಕಲಿಯಲಿ."

ವೃಷಭೇಂದ್ರ ತಲೆ ಬಗ್ಗಿಸಿದರು. ಆ ಅಜ್ಜಿಯನ್ನು ಮನೆಗೆ ಕಳಿಸಿ ಆಗಲೇ ಮೂರು ದಿನವಾಗಿತ್ತು...

ಕಾಲ್ ಮುಗಿದದ್ದೇ ಅಜ್ಜಿಯ ಮನೆಗೆ ಹೋದರು. ಕೆಂಪಾಜಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು.

"ಏನ್ ಬುದ್ಧಿ, ಇನ್ನೂ ಏನಾರ ಜಾಸ್ತಿ ಬಂತಾ?"

ವೃಷಭೇಂದ್ರ ಚಪ್ಪಲಿ ಬಿಟ್ಟು ಪಕ್ಕದಲ್ಲೇ ಕೂತರು.

"ಅವತ್ತು ನೀವು ಕಾರಣ ಹೇಳಿದಿರಿ ತಾಯಿ. ನಾನು ಕೇಳಿಸಿಕೊಳ್ಳಲಿಲ್ಲ. ಸಮುದ್ರದ ಆಚೆಯವರು ಕೇಳಿಸಿಕೊಂಡರು... ತಪ್ಪಾಯ್ತು."

ಕೆಂಪಾಜಮ್ಮ ಮೊರ ಕೆಳಗಿಟ್ಟರು.

"ಮೂರ್ ದಿನದಿಂದ ಪದ ಬಾಯಿಗೆ ಬತ್ತಿಲ್ಲ ಬುದ್ಧಿ... ಕೈಲಿ ಕಡ್ಡಿ ಇಲ್ದೆ ಅದು ಬರಕ್ಕಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಜಪಾನಿನವರು ಹೇಳಿದ್ದನ್ನೆಲ್ಲ ವೃಷಭೇಂದ್ರ ತಿಳಿಸಿದರು. ಡಬ್ಬಿಯ ಮೇಲೆ ಇನ್ನು ನಲವತ್ತೊಂದು ಎಂದೇ ಇರುತ್ತದೆ ಎಂದರು.

ಕೆಂಪಾಜಮ್ಮ ಮತ್ತೆ ಮೊರ ಕೈಗೆತ್ತಿಕೊಂಡರು.

"ನಲವತ್ತೊಂದು ಅಂತ ಬರ್ಸುದ್ ಮ್ಯಾಲೆ ಅದು ಅಳತೆಗೇ ಸೇರೋಯ್ತು... ಇನ್ನು ಕೊಸರು ಯಾವ್ದು ಬುದ್ಧಿ?"

ಎಂಟು ತಿಂಗಳಲ್ಲಿ ಮೊದಲ ಸಲ ವೃಷಭೇಂದ್ರ ನಕ್ಕರು. ಕಣ್ಣು ಮಾತ್ರ ತುಂಬಿತ್ತು...

"ಇನ್ನೊಂದು ಹಾಕೋದಾದರೆ, ಮೊದಲು ನನಗೆ ಹೇಳಿ ತಾಯಿ."

ತಪ್ಪು ಎಂದು ಎಣಿಸುವ ಮೊದಲು, ಕಾರಣವನ್ನು ಕಿವಿಗೊಟ್ಟು ಕೇಳಬೇಕು.

ನಿಮ್ಮ ಮನೆಯಲ್ಲೋ ಕೆಲಸದ ಜಾಗದಲ್ಲೋ ಯಾರೋ ಸದ್ದಿಲ್ಲದೆ ಒಂದು ಕಡ್ಡಿ ಜಾಸ್ತಿ ಇಡುತ್ತಿರಬಹುದು... ಯಾಕೆಂದು ಅವರನ್ನು ಕೇಳಿ, ಉತ್ತರ ಮುಗಿಯುವವರೆಗೆ ನೀವು ನಿಂತದ್ದು ಯಾವಾಗ?